ಹೊಸ ಪಿಕಪ್ ತರುವ ಮೊದಲು ಒಂದು ಸ್ಕ್ರೂ ಡ್ರೈವರ್

ಗಿಟಾರ್ ರಿಪೇರಿ ಅಂಕಣ: ಓದುಗರ ಪ್ರಶ್ನೆಗಳಿಗೆ ಕಾಸರಗೋಡಿನಿಂದ ಉತ್ತರ

ಪ್ರಶ್ನೆ: ನನ್ನ ಹತ್ತಿರ ಮೂರು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ಇರುವ ಸ್ಟ್ರಾಟ್ (ಸ್ಟ್ರಾಟೋಕಾಸ್ಟರ್) ಮಾದರಿಯ ಎಲೆಕ್ಟ್ರಿಕ್ ಗಿಟಾರ್ ಉಂಟು. (ಪಿಕಪ್ ಎಂದರೆ ತಂತಿಯ ಅಲುಗಾಟವನ್ನು ಹಿಡಿದು ಸಿಗ್ನಲ್ ಮಾಡುವ ಅಯಸ್ಕಾಂತ ಮತ್ತು ವೈರ್ ಸುರುಳಿ.) ರಸಮಂಜರಿ ತಂಡದಲ್ಲಿ ನುಡಿಸುತ್ತೇನೆ. ಬ್ರಿಡ್ಜ್ (ತಂತಿ ಕೂರುವ ಬುಡ) ಹತ್ತಿರದ ಪಿಕಪ್ ಕಿವಿಗೆ ಚುಚ್ಚುತ್ತದೆ, ನೆಕ್ (ಉದ್ದ ಕತ್ತು) ಕಡೆಯದ್ದು ಮಂದ. ಹೊಸ ಸೆಟ್‌ಗೆ ಹಣ ಕೂಡಿಟ್ಟಿದ್ದೇನೆ. ಅದರ ಅಯಸ್ಕಾಂತ ಅಲ್ನಿಕೊ 2 ಒಳ್ಳೆಯದೋ, 5 ಒಳ್ಳೆಯದೋ? 'ಕೆ' ಜಾಸ್ತಿ ಇದ್ದಷ್ಟು ಒಳ್ಳೆಯದು ಎನ್ನುತ್ತಾರೆ, ಹೌದಾ?
– ಓದುಗ, ಬದಿಯಡ್ಕ

ಉತ್ತರ: ಹಣ ಸ್ವಲ್ಪ ದಿನ ಕಿಸೆಯಲ್ಲೇ ಇರಲಿ ಮಾರಾಯ್ರೆ. ತಂತಿ ಯಾವಾಗ ಬದಲಿಸಿದ್ದು ಎಂದು ನೀವು ಬರೆದಿಲ್ಲ. ನಮ್ಮ ಕಡೆಯ ಸೆಕೆ, ಬೆವರು, ಉಪ್ಪು ಗಾಳಿಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ. ತಂತಿಯ ಅಡಿಯನ್ನು ಬೆರಳಲ್ಲಿ ಸವರಿ ನೋಡಿ. ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ತಾಗುವಲ್ಲಿ ತರಿತರಿ ಸಿಕ್ಕಿದರೆ ಮೊದಲು ಹೊಸ ತಂತಿ ಹಾಕಿ. ಸತ್ತ ತಂತಿಗೆ ಎಷ್ಟು ದುಡ್ಡಿನ ಪಿಕಪ್ ಇದ್ದರೂ ಎಂತ ಪ್ರಯೋಜನ?

ಆಮೇಲೆ ಪಿಕಪ್‌ನ ಎತ್ತರ. ಇದನ್ನು ಮುಟ್ಟದೆಯೇ ಪಿಕಪ್ ಬದಲಿಸುವವರು ತುಂಬಾ ಜನ. ದಪ್ಪ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ. ತಂತಿಯ ಅಡಿಯಿಂದ ಪಿಕಪ್‌ನ ಗುಂಡು ಕಂಬದ ತಲೆಗೆ ಎಷ್ಟು ಅಂತರ ಉಂಟು ನೋಡಿ. ಸಾಮಾನ್ಯ ಸ್ಟ್ರಾಟ್‌ಗೆ 2.4 ಮಿ.ಮೀ. ಸಾಕು. ಸಪೂರ ತಂತಿಯ ಕಡೆ 2 ಮಿ.ಮೀ. ಪಿಕಪ್‌ನ ಎರಡು ತುದಿಯಲ್ಲಿರುವ ಸ್ಕ್ರೂ ಬಲಕ್ಕೆ ತಿರುಗಿಸಿದರೆ ಏರುತ್ತದೆ, ಎಡಕ್ಕೆ ತಿರುಗಿಸಿದರೆ ಇಳಿಯುತ್ತದೆ. ಇದು ಶುರು ಮಾಡುವ ಜಾಗ ಅಷ್ಟೇ, ಉಳಿದದ್ದು ಕಿವಿಯ ಕೆಲಸ. ಅರ್ಧ ಸುತ್ತು ತಿರುಗಿಸಿ, ನುಡಿಸಿ, ಮತ್ತೆ ಅರ್ಧ ಸುತ್ತು.

ನೆಕ್ ಹತ್ತಿರ ತಂತಿ ದೊಡ್ಡದಾಗಿ ಅಲುಗುತ್ತದೆ, ಬ್ರಿಡ್ಜ್ ಹತ್ತಿರ ಸಣ್ಣದಾಗಿ. ಹಾಗಾಗಿ ಮೂರೂ ಪಿಕಪ್ ಒಂದೇ ಎತ್ತರದಲ್ಲಿದ್ದರೆ ನೆಕ್‌ನದ್ದೇ ದರ್ಬಾರು. ನಿಮ್ಮ ನೆಕ್ ಪಿಕಪ್ ಮಂದ ಎಂದರೆ ಅದನ್ನು ಏರಿಸಲು ಹೋಗಬೇಡಿ. ದಪ್ಪ ತಂತಿಯ ಕಡೆ ಇಳಿಸಿ, ಸದ್ದು ಬಿಡಿಸಿಕೊಳ್ಳುತ್ತದೆ. ತೀರಾ ಹತ್ತಿರ ತಂದರೆ ಇನ್ನೊಂದು ತೊಂದರೆ: ಅಯಸ್ಕಾಂತ ತಂತಿಯನ್ನೇ ಎಳೆಯುತ್ತದೆ. ದಪ್ಪ ತಂತಿಯಲ್ಲಿ ಮೇಲಿನ (ಬ್ರಿಡ್ಜ್ ಕಡೆಯ) ಫ್ರೆಟ್ ಒತ್ತಿದಾಗ ಒಂದೇ ಸ್ವರ ಎರಡಾಗಿ ತೇಲಿದಂತೆ ಕೇಳುತ್ತದೆ. ಅದನ್ನು ಶ್ರುತಿ ದೋಷ ಎಂದುಕೊಂಡು ಟ್ಯೂನರ್ ಕೀಲಿ ಬದಲಿಸಿದವರೂ ಇದ್ದಾರೆ!

ಇನ್ನು ಬ್ರಿಡ್ಜ್ ಪಿಕಪ್ ಚುಚ್ಚುವುದು. ಹಳೆಯ ಸ್ಟ್ರಾಟ್ ವೈರಿಂಗ್‌ನಲ್ಲಿ ಒಂದು ಟೋನ್ ಗುಂಡಿ (ಸದ್ದಿನ ಚುರುಕು ಇಳಿಸುವಂಥದ್ದು) ನೆಕ್‌ಗೆ, ಇನ್ನೊಂದು ನಡುವಿನದ್ದಕ್ಕೆ. ಬ್ರಿಡ್ಜ್‌ಗೆ ಟೋನ್ ಇಲ್ಲವೇ ಇಲ್ಲ. ಈಗಲೂ ಎಷ್ಟೋ ಗಿಟಾರ್ ಹಾಗೆಯೇ ಬರುತ್ತವೆ. ಬ್ರಿಡ್ಜ್ ಪಿಕಪ್‌ನಲ್ಲಿಟ್ಟು ಎರಡೂ ಟೋನ್ ತಿರುಗಿಸಿ ನೋಡಿ. ಏನೂ ಬದಲಾಗದಿದ್ದರೆ ಪಿಕಪ್ ಆರಿಸುವ ಸ್ವಿಚ್ಚಿನಲ್ಲಿ ನಡುವಿನ ಪಿಕಪ್‌ನ ಟೋನ್ ಕಾಲಿನಿಂದ ಬ್ರಿಡ್ಜ್ ಕಾಲಿಗೆ ಒಂದು ತುಂಡು ವೈರ್ ಬೆಸೆಯಬೇಕು. ಐದು ನಿಮಿಷದ ಕೆಲಸ. ಆ ಟೋನ್ ಅನ್ನು ಏಳಕ್ಕೆ ಇಳಿಸಿದರೆ ಚುಚ್ಚು ಹೋಗುತ್ತದೆ.

ಇಷ್ಟಾದ ಮೇಲೂ ಸಮಾಧಾನ ಇಲ್ಲವೆಂದರೆ ಖರೀದಿಗೆ ಬನ್ನಿ. ಅಲ್ನಿಕೊ 2 ಸ್ವಲ್ಪ ಮೆದು, ಅಲ್ನಿಕೊ 5 ಚುರುಕು ಮತ್ತು ಜೋರು. ಹಳೆ ಸಿನಿಮಾ ಹಾಡಿನ ಮೆಲುದನಿಗೆ ನಾನು 2 ಹೇಳುತ್ತೇನೆ. ಆದರೆ ಕೀಬೋರ್ಡು, ಡ್ರಮ್ಮು, ಪ್ಯಾಡು ಎಲ್ಲ ಸೇರಿದ ವೇದಿಕೆಯಲ್ಲಿ ಗಿಟಾರ್ ಎದ್ದು ಕೇಳಬೇಕಲ್ವಾ? ನಿಮಗೆ 5.

'ಕೆ' ಎಂದರೆ ಸುರುಳಿಯ ವೈರ್‌ನ ರೋಧ, ಕಿಲೋ ಓಮ್‌ನಲ್ಲಿ. ಹಳೆ ಮಾದರಿಯ ಸ್ಟ್ರಾಟ್ ಪಿಕಪ್ ಸುಮಾರು 6 ಕೆ. ಹೆಚ್ಚು ಸುತ್ತು ಹಾಕಿದರೆ ರೋಧ ಏರುತ್ತದೆ, ಸದ್ದೂ ದಪ್ಪವಾಗುತ್ತದೆ, ಮಿನುಗು ಕಡಿಮೆಯಾಗುತ್ತದೆ. ಆದರೆ ವೈರ್ ಸಪೂರ ಇದ್ದರೂ ರೋಧ ಏರುತ್ತದೆ! 42 ಗೇಜ್ ವೈರ್‌ನ ಪಿಕಪ್ಪನ್ನೂ ಅದಕ್ಕಿಂತ ಸಪೂರದ 43 ಗೇಜಿನದ್ದನ್ನೂ ಬರೀ 'ಕೆ' ನೋಡಿ ಹೋಲಿಸಿದರೆ ಮೋಸ ಹೋಗುತ್ತೀರಿ. ಜೋರು ಪಿಕಪ್‌ನ ಹುಚ್ಚು ಬಂದದ್ದು 1970ರ ದಶಕದಲ್ಲಿ, ಆಂಪ್ಲಿಫೈಯರ್‌ನ ಸದ್ದು ಒಡೆದು ಕೇಳಲಿ ಎಂದು. ನಿಮ್ಮ ಕಾಲ ಬುಡದಲ್ಲಿ ಸದ್ದು ಒಡೆಯುವ ಡಿಸ್ಟಾರ್ಷನ್ ಪೆಡಲ್ ಇರುವಾಗ ಅದರ ಅಗತ್ಯ ಇಲ್ಲ.

ಮೂರನ್ನೂ ಬದಲಿಸಬೇಡಿ. ಬ್ರಿಡ್ಜ್ ಒಂದೇ ಬದಲಿಸಿ, ಸುಮಾರು 7 ಕೆ ಇರಲಿ. ಬೆಸೆಯುವ ಮೊದಲು ಒಂದು ಪರೀಕ್ಷೆ ಮಾಡಿ. ಮಲ್ಟಿಮೀಟರನ್ನು 20 ಕೆಗೆ ಇಟ್ಟು ಹೊಸ ಪಿಕಪ್‌ನ ಎರಡು ವೈರ್‌ಗೆ, ಕೆಂಪು ಕಡ್ಡಿ ಸಿಗ್ನಲ್ ವೈರ್‌ಗೆ ಬರುವಂತೆ, ಹಿಡಿಯಿರಿ. ಕಂಬದ ತಲೆಗೆ ಕಬ್ಬಿಣದ ಸ್ಕ್ರೂ ಡ್ರೈವರ್ ಟಕ್ಕೆಂದು ತಾಗಿಸಿ. ಅಂಕೆ ಏರಿತೋ ಇಳಿಯಿತೋ ಗುರುತಿಟ್ಟುಕೊಳ್ಳಿ. ಮೀಟರಿನ ಕೆಂಪು ಕಡ್ಡಿಯನ್ನು ಸಿಗ್ನಲ್ ವೈರ್‌ಗೇ ಹಿಡಿದು, ಹಳೆ ಪಿಕಪ್‌ನ ವೈರ್ ಬಿಡಿಸಿ ಅದಕ್ಕೂ ಹೀಗೆಯೇ ಮಾಡಿ. ಎರಡೂ ಒಂದೇ ದಿಕ್ಕಿಗೆ ಹೋಗಬೇಕು. ಒಂದು ಏರಿ ಒಂದು ಇಳಿದರೆ, ಎರಡು ಪಿಕಪ್ ಒಟ್ಟಿಗೆ ನುಡಿಸಿದಾಗ ಸದ್ದು ಸೊರಗಿ ಮೂಗಿನಲ್ಲಿ ಹಾಡಿದ ಹಾಗೆ ಕೇಳುತ್ತದೆ. ಆಗ ಹೊಸದರ ವೈರ್ ಅದಲು ಬದಲು ಮಾಡಿ.

ಪ್ರಶ್ನೆ: ಸಿಂಗಲ್ ಕಾಯಿಲ್ ತೆಗೆಸಿ ಬ್ರಿಡ್ಜ್‌ನಲ್ಲಿ ಒಳ್ಳೆಯ ಹಂಬಕರ್ (ಎರಡು ಸುರುಳಿಯ ಪಿಕಪ್) ಹಾಕಿಸಿದೆ. ಗುಂಯ್ ಸದ್ದು ಹೋಯಿತು, ಆದರೆ ಸ್ವರಕ್ಕೆ ಕಂಬಳಿ ಹೊದೆಸಿದ ಹಾಗೆ ಕೇಳುತ್ತದೆ. ಪಿಕಪ್ ನಕಲಿಯಾ?
– ಮಂಜೇಶ್ವರದಿಂದ ಒಬ್ಬರು

ಉತ್ತರ: ನಕಲಿ ಎನ್ನುವ ಮೊದಲು ವಾಲ್ಯೂಮ್ ಗುಂಡಿಯ ಅಡಿಯಲ್ಲಿ ಎಂತ ಬರೆದಿದೆ ನೋಡಿ. ಸಿಂಗಲ್ ಕಾಯಿಲ್ ಗಿಟಾರ್‌ಗೆ 250 ಕೆ ಪಾಟ್ (ಗುಂಡಿಯ ಅಡಿಯ, ತಿರುಗಿಸಿ ಬದಲಿಸುವ ರೋಧ) ಹಾಕಿರುತ್ತಾರೆ. ಗುಂಡಿಯನ್ನು ಪೂರ್ತಿ ಹತ್ತಕ್ಕೆ ತಿರುಗಿಸಿದರೂ ಪಾಟ್‌ನ ಮೂಲಕ ಸಿಗ್ನಲ್ ಸ್ವಲ್ಪ ಗ್ರೌಂಡ್‌ಗೆ ಸೋರುತ್ತಲೇ ಇರುತ್ತದೆ. ಪಾಟ್‌ನ 'ಕೆ' ಕಡಿಮೆ ಇದ್ದಷ್ಟು ಎತ್ತರದ ಸ್ವರಗಳು ಮಂಕಾಗುತ್ತವೆ. ಚುರುಕಾದ ಸಿಂಗಲ್ ಕಾಯಿಲ್‌ಗೆ ಅದು ಹಿತ. ಹಂಬಕರ್‌ನ ಸದ್ದು ಮೊದಲೇ ದಪ್ಪ, ಅದಕ್ಕೆ 500 ಕೆ ಬೇಕು. ಹಾಕಿಕೊಟ್ಟವರು ಹಳೆ ಪಾಟನ್ನೇ ಉಳಿಸಿರಬೇಕು.

ಹೊಸ ಪಾಟನ್ನು ಕೊಳ್ಳುವಾಗ ಎರಡು ಹೊರಗಿನ ಕಾಲುಗಳಿಗೆ ಮೀಟರ್ ಹಿಡಿದು ನೋಡಿ. 500 ಎಂದು ಬರೆದದ್ದು 420 ತೋರಿಸುವುದುಂಟು. 20 ಶೇಕಡಾ ಆಚೀಚೆ ಮಾಮೂಲು. ಅಂಗಡಿಯವರು ಸಿಡುಕಿದರೂ ಪರವಾಗಿಲ್ಲ, ಪೆಟ್ಟಿಗೆಯಿಂದ ಜಾಸ್ತಿ ತೋರಿಸುವುದನ್ನೇ ಆರಿಸಿ. ಟೋನ್ ಗುಂಡಿಯ ಕೆಪಾಸಿಟರ್ 0.047 ಮೈಕ್ರೋಫ್ಯಾರಡ್ ಇದ್ದರೆ 0.022 ಹಾಕಿಸಿಕೊಳ್ಳಿ, ಟೋನ್ ಇಳಿಸಿದಾಗ ಒಮ್ಮೆಲೇ ಕತ್ತಲಾಗುವುದಿಲ್ಲ.

ಗುಂಯ್ ಹೋದದ್ದು ಹೇಗೆ ಎಂದರೆ, ಹಂಬಕರ್ ಒಳಗೆ ಎರಡು ಸುರುಳಿ ಇರುತ್ತವೆ, ಎರಡರ ಸುತ್ತೂ ಅಯಸ್ಕಾಂತವೂ ಒಂದಕ್ಕೊಂದು ತದ್ವಿರುದ್ಧ. ಕರೆಂಟಿನ 50 ಹರ್ಟ್ಸ್ ಗುಂಯ್ ಒಂದರಲ್ಲಿ ಬಂದದ್ದನ್ನು ಇನ್ನೊಂದು ಅಳಿಸುತ್ತದೆ, ತಂತಿಯ ಸದ್ದು ಮಾತ್ರ ಕೂಡುತ್ತದೆ. ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಉಪಾಯ ಇದು. ಇವತ್ತಿಗೂ ಇದಕ್ಕಿಂತ ಸರಳವಾದದ್ದು ನಾನು ಕಂಡಿಲ್ಲ.

ಪ್ರಶ್ನೆ: ಸದ್ದು ದಪ್ಪ ಬರಲಿ ಎಂದು 9ರ ಸೆಟ್ ತೆಗೆದು ಅದಕ್ಕಿಂತ ದಪ್ಪದ 10ರ ತಂತಿ ಹಾಕಿದೆ. ಈಗ ಸ್ಟ್ರಾಟ್‌ನ ಬ್ರಿಡ್ಜ್ ಮುಂದಕ್ಕೆ ಬಾಗಿ ನಿಂತಿದೆ. ತಂತಿ ಎತ್ತರ, ಮೇಲೆ ಹೋದಂತೆ ಶ್ರುತಿಯೂ ಇಲ್ಲ.
– ಓದುಗ, ಹೊಸೂರು

ಉತ್ತರ: 10ರ ತಂತಿಗೆ ಎಳೆತ ಜಾಸ್ತಿ. ಹಿಂಬದಿಯ ಮುಚ್ಚಳ ತೆಗೆಯಿರಿ, ಸ್ಪ್ರಿಂಗ್ ಹಿಡಿದ ಪಟ್ಟಿಯ ಎರಡು ಉದ್ದ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪ ಬಿಗಿಯಿರಿ. ಪ್ರತಿ ಸಲ ಮತ್ತೆ ಶ್ರುತಿ ಮಾಡಿ, ಬ್ರಿಡ್ಜ್ ಮೊದಲಿನ ಜಾಗಕ್ಕೆ ಬರುವವರೆಗೆ. ಆಮೇಲೆ ನೆಕ್. ಒಂದನೇ ಫ್ರೆಟ್‌ಗೆ ಕೇಪೋ (ತಂತಿ ಒತ್ತುವ ಕ್ಲಿಪ್) ಹಾಕಿ ಕೊನೆಯ ಫ್ರೆಟ್ ಒತ್ತಿದರೆ ಏಳು-ಎಂಟನೇ ಫ್ರೆಟ್ ಮೇಲೆ ಕಾಲು ಮಿಲಿಮೀಟರ್ ಸಂದು ಸಾಕು. ಜಾಸ್ತಿ ಇದ್ದರೆ ಟ್ರಸ್ ರಾಡ್ (ನೆಕ್ ಒಳಗಿನ ಸರಳು) ಬಲಕ್ಕೆ ಕಾಲು ಸುತ್ತು, ಅದಕ್ಕಿಂತ ಹೆಚ್ಚು ಒಂದೇ ಸಲಕ್ಕೆ ಬೇಡ. ಕೊನೆಗೆ 12ನೇ ಫ್ರೆಟ್‌ನಲ್ಲಿ ಹಾರ್ಮೋನಿಕ್ (ತಂತಿಗೆ ಬೆರಳು ಬರೀ ತಾಗಿಸಿ ಬರಿಸಿದ ಸ್ವರ) ಮತ್ತು ಒತ್ತಿದ ಸ್ವರ ಎರಡನ್ನೂ ಶ್ರುತಿ ತೋರಿಸುವ ಟ್ಯೂನರ್‌ನಲ್ಲಿ ನೋಡಿ. ಒತ್ತಿದ್ದು ಏರಿದ್ದರೆ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು) ಹಿಂದಕ್ಕೆ, ಇಳಿದಿದ್ದರೆ ನೆಕ್ ಕಡೆಗೆ. ದಪ್ಪ ತಂತಿ ನಟ್‌ನ (ನೆಕ್ ತುದಿಯಲ್ಲಿ ತಂತಿ ಕೂರುವ ಪಟ್ಟಿಯ) ಗೀರಿನಲ್ಲಿ ಸಿಕ್ಕಿಕೊಂಡು ಟಿಂಕ್ ಎಂದರೆ ಪೆನ್ಸಿಲ್ ಸೀಸ ಉಜ್ಜಿ.

ಪ್ರಶ್ನೆ: ಗಿಟಾರ್ ಹಿಡಿದು ಮೈಕ್‌ಗೆ ಬಾಯಿ ತಾಗಿದರೆ ತುಟಿಗೆ ಶಾಕ್. ಪಿಕಪ್ ಕವರ್ ಬದಲಿಸಬೇಕೇ?
– ಉಪ್ಪಳದಿಂದ

ಉತ್ತರ: ಬೇಡ. ಗಿಟಾರನ್ನು ಕೆಳಗಿಡಿ, ಇದು ಅರ್ತಿಂಗ್ ತೊಂದರೆ, ಪ್ರಾಣಕ್ಕೆ ಕುತ್ತು. ಆಂಪ್ಲಿಫೈಯರ್‌ನ ಮೂರನೇ ಪಿನ್ ಯಾರಾದರೂ ಮುರಿದಿದ್ದಾರಾ ನೋಡಿ. ಮೈಕ್ ಸೆಟ್, ಆಂಪ್ಲಿಫೈಯರ್ ಎರಡನ್ನೂ ಅರ್ತ್ ಸರಿ ಇರುವ ಒಂದೇ ಬೋರ್ಡಿಗೆ ಹಾಕಿ. ಆ ಅರ್ತ್ ಸರಿ ಉಂಟೋ ಎಂದು ಎಲೆಕ್ಟ್ರಿಷಿಯನ್ ನೋಡಿ ಹೇಳುವವರೆಗೆ ಆ ಜಾಗದಲ್ಲಿ ಗಿಟಾರ್ ಸಿಕ್ಕಿಸಬೇಡಿ.