ನೆಟ್ಟವರು ಬಹಳ, ನೀರು ಹೊತ್ತವರು?

ಪತ್ರ: ಹರಿಶ್ಚಂದ್ರನ ಸತ್ಯ, ಕರ್ಣನ ದಾನ ಹುಟ್ಟಿನಿಂದ ಬಂದ ಗುಣಗಳು. ನಮ್ಮಂಥ ಸಾಮಾನ್ಯರಿಗೆ ಅವೆಲ್ಲ ಎಲ್ಲಿಂದ ಬರಬೇಕು? ಪಕ್ಕದ ಮನೆ ಅಜ್ಜಿಗೆ ಹಾಲು ತಂದುಕೊಡುವ ಹೊತ್ತಾಯಿತು, ಇಲ್ಲಿಗೆ ಮುಗಿಸುತ್ತೇನೆ.
– ತಿಪಟೂರಿನ ಒಬ್ಬ ಗೃಹಿಣಿ

ಸಂಪಾದಕರ ಉತ್ತರ: ಹುಟ್ಟುಗುಣ ಅನ್ನುವುದು ಇದೆಯಮ್ಮಾ. ಒಂದೇ ತಾಯಿಯ ಇಬ್ಬರು ಮಕ್ಕಳಲ್ಲಿ ಒಬ್ಬನದು ಬಿಚ್ಚುಗೈ, ಇನ್ನೊಬ್ಬನದು ಬಿಗಿಮುಷ್ಟಿ. ಅಷ್ಟು ಒಪ್ಪಿದೆ. ಅದರಾಚೆಗೆ ನಿಮ್ಮ ಮಾತು ಒಪ್ಪಲಾರೆ.

ಸಾಲುಮರದ ತಿಮ್ಮಕ್ಕನನ್ನು ನೆನೆಯಿರಿ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಕೂಲಿ ಹೆಂಗಸು. ಮಕ್ಕಳಿರಲಿಲ್ಲ. ಗಂಡ ಚಿಕ್ಕಯ್ಯನ ಜೊತೆ ಸೇರಿ ಕುದೂರಿನ ದಾರಿಯುದ್ದಕ್ಕೂ ಆಲದ ಸಸಿ ನೆಟ್ಟರು. 385 ಮರ ಎಂದು ನಾವು ಲೆಕ್ಕ ಹೇಳುತ್ತೇವೆ. ನನಗೆ ಆ ಲೆಕ್ಕಕ್ಕಿಂತ ಅವರು ಹೊತ್ತ ಬಿಂದಿಗೆ ದೊಡ್ಡದು. ಕೂಲಿ ಮಾಡಿ ದಣಿದ ಮೈ, ಕಿಲೋಮೀಟರುಗಟ್ಟಲೆ ನಡಿಗೆ. ದನ ಮೇಯದಂತೆ ಸಸಿಗೆ ಮುಳ್ಳುಬೇಲಿ ಬೇರೆ. ನೆಡುವುದು ಒಂದು ದಿನದ ಕೆಲಸ. ನೀರು ಹೊರುವುದು ವರ್ಷಗಟ್ಟಲೆ. 2019ರಲ್ಲಿ ಪದ್ಮಶ್ರೀ ಬಂದಾಗ ಆ ಮರಗಳು ನೆರಳು ಕೊಡಲು ಶುರುಮಾಡಿ ಎಷ್ಟೋ ಕಾಲವಾಗಿತ್ತು.

ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬರೂ ಹಾಗೇ. ವಿದೇಶಿಯರು ಹಣ್ಣಿನ ಬೆಲೆ ಕೇಳಿದರು, ಇವರಿಗೆ ಭಾಷೆ ತಿಳಿಯಲಿಲ್ಲ. ಓದದ ನೋವು ಚುಚ್ಚಿತು. ಬುಟ್ಟಿ ಹೊತ್ತು ದುಡಿದದ್ದರಲ್ಲೇ ಉಳಿಸಿ, ಊರ ಮಕ್ಕಳಿಗೊಂದು ಶಾಲೆ ತಂದರು. ಒಂದೇ ದಿನದಲ್ಲಿ ಆದದ್ದಲ್ಲ ಅದು.

ನಮ್ಮ ಬೀದಿಯ ಮೈದಾನದಲ್ಲೊಂದು ಗುಂಡಿಯಿದೆ. ಮೂರು ವರ್ಷ, ಪ್ರತಿ ಜೂನ್ 5ಕ್ಕೆ, ಅದೇ ಗುಂಡಿಯಲ್ಲಿ ಸಸಿ ನೆಟ್ಟು ಫೋಟೋ ತೆಗೆಸಿಕೊಂಡದ್ದನ್ನು ಕಂಡಿದ್ದೇನೆ. ಎರಡನೇ ವಾರ ಚೊಂಬು ನೀರು ಹಿಡಿದು ಬಂದವರು ಯಾರೂ ಇಲ್ಲ. ಶಾಲು, ಹಾರ, ಪೇಟ ಎಲ್ಲ ನೆಟ್ಟವರಿಗೇ ಸಿಗುತ್ತದೆ. ಮಕ್ಕಳಿಗೂ ನಾವು ಅದನ್ನೇ ಕಲಿಸುತ್ತಿದ್ದೇವೆ. ಭಾಷಣ ಸ್ಪರ್ಧೆಯಲ್ಲಿ ಕರುಣೆಯ ಬಗ್ಗೆ ಮಾತಾಡಿದವನಿಗೆ ಬಹುಮಾನ. ಜ್ವರ ಬಂದ ಗೆಳೆಯನಿಗೆ ವಾರವಿಡೀ ನೋಟ್ಸ್ ಬರೆದುಕೊಟ್ಟವನ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಪತ್ರಿಕೆಗಳೂ ವೇದಿಕೆಯ ಮೇಲಿದ್ದವರ ಚಿತ್ರವನ್ನೇ ಜಾಸ್ತಿ ಹಾಕುತ್ತವೆ. ಇದು ನನಗೆ ನಿಜವಾಗಿಯೂ ಸಂಕಟದ ವಿಷಯ.

ನಿಮ್ಮ ಮೇಲೂ ಒಂದು ಆಕ್ಷೇಪಣೆ ಇದೆ. ಹರಿಶ್ಚಂದ್ರನಿಗೆ ಅರ್ಧ ಪತ್ರ ಕೊಟ್ಟಿರಿ. ಆ ಅಜ್ಜಿಯ ಹಾಲಿಗೆ ಕೊನೆಯ ಒಂದು ಸಾಲು, ಅದೂ ಅವಸರದಲ್ಲಿ. ಮಳೆ ಬಂದ ದಿನವೂ ಹೋಗುತ್ತೀರಲ್ವಾ? ಎಷ್ಟು ವರ್ಷದಿಂದ ತಂದುಕೊಡುತ್ತಿದ್ದೀರಿ? ಮುಂದಿನ ಪತ್ರದಲ್ಲಿ ಅದನ್ನೇ ಬರೆಯಿರಿ. ಇದೇ ಪುಟದಲ್ಲಿ ಜಾಗ ಇಟ್ಟಿರುತ್ತೇನೆ.