ಮಾವನ ದಿಂಬಿನ ಕೆಳಗಿನ ಮಾತ್ರೆ

ಪ್ರಶ್ನೆ: ನನಗೆ 31 ವರ್ಷ. ಶಾಲೆಯಲ್ಲಿ ಟೀಚರ್. ಎರಡೂವರೆ ವರ್ಷದ ಮಗನಿದ್ದಾನೆ, ಈಗ ಮತ್ತೆ ಐದು ತಿಂಗಳು. ಅತ್ತೆ ಮಾವ ನಮ್ಮ ಜೊತೆಗೇ ಇದ್ದಾರೆ. ಮಾವನಿಗೆ ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ಮಾತ್ರೆಗಳನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾರೆ. ಮೊಮ್ಮಗ ಕೇಳಿದರೆ ‘ಇದು ಅಜ್ಜನ ಪೆಪ್ಪರ್‌ಮೆಂಟು’ ಅನ್ನುತ್ತಾರೆ. ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನಾನು ದೋಸೆ ಹಾಕುತ್ತಿದ್ದೆ. ಮಗ ಸಕ್ಕರೆ ಕಾಯಿಲೆ ಮಾತ್ರೆಯ ಶೀಟು ಹಿಡಿದುಕೊಂಡು ಬಂದ. ಒಂದು ಮಾತ್ರೆ ಇರಲಿಲ್ಲ. ಅತ್ತೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ನೋಡಿದರು, ಆಗಲಿಲ್ಲ. ಹುಡುಗ ಆಡಿಕೊಂಡೇ ಇದ್ದ. ‘ಏನೂ ಆಗಿಲ್ಲ ಬಿಡು’ ಅಂದರು ಎಲ್ಲರೂ. ನಾನು ಹಟ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸಂಜೆ ಹೊತ್ತಿಗೆ ಮೈಯೆಲ್ಲ ಬೆವರಿ, ತೂಕಡಿಸತೊಡಗಿದ. ಸಕ್ಕರೆ ಪೂರ್ತಿ ಇಳಿದಿತ್ತು. ಎರಡು ರಾತ್ರಿ ಗ್ಲೂಕೋಸ್ ಹಾಕಿದರು. ಈಗ ಚೆನ್ನಾಗಿದ್ದಾನೆ. ಆದರೆ ಆಸ್ಪತ್ರೆಯಲ್ಲೇ ಮಾವನ ಮೇಲೆ ಕೂಗಾಡಿಬಿಟ್ಟೆ. ಆವತ್ತಿನಿಂದ ಅವರು ಮೊಮ್ಮಗನನ್ನು ಎತ್ತಿಕೊಳ್ಳುತ್ತಿಲ್ಲ, ಮಾತ್ರೆಯನ್ನೂ ಸರಿಯಾಗಿ ತೆಗೆದುಕೊಳ್ಳುತ್ತಿಲ್ಲ. ಅತ್ತೆ ‘ನಾವು ನಾಲ್ಕು ಮಕ್ಕಳನ್ನ ಬೆಳೆಸಿಲ್ವಾ’ ಅನ್ನುತ್ತಾರೆ. ಗಂಡ ‘ಆ ವಿಷಯ ಬಿಡು, ಅಪ್ಪನಿಗೆ ನೋವಾಗುತ್ತೆ’ ಅನ್ನುತ್ತಾರೆ. ಕೆಲಸ ಬಿಟ್ಟು ಮನೆಯಲ್ಲಿರಲೇ? ಬೇರೆ ಮನೆ ಮಾಡಲೇ? ಈ ಚಿಂತೆಯಲ್ಲಿ, ಕಣ್ಣಿಗೆ ಕಾಣಲಿ ಅಂತ ಊಟದ ಮೇಜಿನ ಮೇಲಿಟ್ಟ ನನ್ನ ಕಬ್ಬಿಣದ ಮಾತ್ರೆಯನ್ನೂ ಮರೆಯುತ್ತಿದ್ದೇನೆ.
— ಹೆಸರು ಬೇಡ, ದಾವಣಗೆರೆ

ಪ್ರೀತಿಯ ತಂಗಿ,

ಆವತ್ತು ನೀವು ಹಟ ಮಾಡಿದ್ದು ಸರಿ. ಮಗ ಉಳಿದದ್ದು ಅದರಿಂದಲೇ. ಮನೆಯಲ್ಲಿ ಯಾರೂ ಈ ಮಾತು ಹೇಳಿರಲಿಕ್ಕಿಲ್ಲ, ಅದಕ್ಕೇ ನಾನು ಮೊದಲು ಹೇಳುತ್ತಿದ್ದೇನೆ.

ಮಾತ್ರೆಯ ಹೆಸರನ್ನು ನೀವು ಬರೆದಿಲ್ಲ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ತರಹದ್ದು ಇರಬೇಕು ಅನ್ನಿಸುತ್ತದೆ. ಇವು ಮೈಯೊಳಗಿನ ಇನ್ಸುಲಿನ್ ಅನ್ನು ಹೊರಡಿಸುವ ಮಾತ್ರೆಗಳು. ಮಾವನ ರಕ್ತದಲ್ಲಿ ಸಕ್ಕರೆ ಜಾಸ್ತಿ ಇದೆ, ಅವರಿಗೆ ಅದು ಬೇಕು. ಹನ್ನೆರಡು ಕಿಲೋ ತೂಗುವ ಹುಡುಗನಿಗೆ ಇಳಿಸಲು ಹೆಚ್ಚಿನ ಸಕ್ಕರೆ ಎಲ್ಲಿದೆ? ಒಂದೇ ಒಂದು ಮಾತ್ರೆ ಸಾಕು, ಅಪಾಯಕ್ಕೆ. ಅದೂ ತಕ್ಷಣ ಗೊತ್ತಾಗುವುದಿಲ್ಲ. ಮಗು ಊಟ ತಿಂಡಿ ಮಾಡಿದ್ದರೆ ಎಷ್ಟೋ ಗಂಟೆ ಚೆನ್ನಾಗಿಯೇ ಇರುತ್ತದೆ. ರಾತ್ರಿ ಮಲಗಿದ ಮೇಲೆ ಸಕ್ಕರೆ ಕುಸಿದರೆ, ನಿದ್ದೆ ಮಾಡುತ್ತಿದೆ ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. ಇಂಥ ಮಾತ್ರೆ ನುಂಗಿದ ಮಗುವನ್ನು, ಎಷ್ಟೇ ಗೆಲುವಾಗಿ ಕಂಡರೂ, ಡಾಕ್ಟರು ಸುಮಾರು ಒಂದು ದಿನವಾದರೂ ಆಸ್ಪತ್ರೆಯಲ್ಲೇ ಇಟ್ಟುಕೊಂಡು ಆಗಾಗ ಸಕ್ಕರೆ ನೋಡುವುದು ಅದಕ್ಕೇ. ‘ಆಡಿಕೊಂಡಿದ್ದಾನಲ್ಲ’ ಅನ್ನುವ ಮಾತನ್ನು ನಂಬಿ ನೀವು ಸುಮ್ನೆ ಕೂತಿದ್ದರೆ ಏನಾಗುತ್ತಿತ್ತೋ, ನೆನೆಸಿಕೊಂಡರೆ ನನಗೇ ಎದೆ ಝಲ್ಲೆನ್ನುತ್ತದೆ.

ಇನ್ನು ಮಾವನ ವಿಷಯ. ಇಲ್ಲಿ ಸ್ವಲ್ಪ ನಿಧಾನಿಸೋಣ.

ನಮ್ಮಮ್ಮ ತನ್ನ ಬಿಪಿ ಮಾತ್ರೆಯನ್ನು ಎಲೆ ಅಡಿಕೆ ಸಂಚಿಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಅಡಿಕೆ, ಸುಣ್ಣದ ಡಬ್ಬಿ, ಮಡಚಿದ ಹತ್ತು ರೂಪಾಯಿ ನೋಟು, ಕತ್ತರಿಸಿದ ಮಾತ್ರೆ ಶೀಟು. ಎಲ್ಲ ಒಂದೇ ಕಡೆ. ನನ್ನ ಮಗಳು ಆ ಸಂಚಿಯ ದಾರ ಎಳೆದು ಆಡುತ್ತಿದ್ದಳು. ‘ಬೀರುವಿನಲ್ಲಿ ಇಡಮ್ಮಾ’ ಅಂದರೆ ಅಮ್ಮನಿಗೆ ಸಿಟ್ಟು. ಒಂದು ದಿನ ಕೂರಿಸಿಕೊಂಡು ಯಾಕೆ ಅಂತ ಕೇಳಿದೆ. ‘ರಾತ್ರಿ ಎದೆ ಹಿಡಿದರೆ ಕತ್ತಲಲ್ಲಿ ಎಲ್ಲಿ ಹುಡುಕಲಿ?’ ಅಂದಳು. ಅದು ನನಗೆ ಹೊಳೆದೇ ಇರಲಿಲ್ಲ. ನಾನು ಅಜಾಗರೂಕತೆ ಅಂದುಕೊಂಡದ್ದು ಅವಳ ಭಯ.

ನಿಮ್ಮ ಮಾವನೂ ಹಾಗೇ ಇರಬಹುದು. ಸಕ್ಕರೆ ಮಾತ್ರೆ ತಿಂಡಿಯ ಹೊತ್ತಿಗೇ ಆಗಬೇಕು. ಎದ್ದ ತಕ್ಷಣ ಕೈಗೆ ಸಿಗಲಿ, ಮರೆಯದಿರಲಿ, ಯಾರನ್ನೂ ಕೇಳುವ ಹಾಗೆ ಆಗದಿರಲಿ ಅಂತ ದಿಂಬಿನ ಕೆಳಗೆ ಇಟ್ಟಿದ್ದಾರೆ. ನೀವು ನಿಮ್ಮ ಕಬ್ಬಿಣದ ಮಾತ್ರೆಯನ್ನು ಊಟದ ಮೇಜಿನ ಮೇಲೆ ಇಟ್ಟದ್ದೂ ಅದೇ ಕಾರಣಕ್ಕೆ, ಅಲ್ವಾ?

ನಿಮ್ಮ ಪತ್ರ ಓದುವಾಗ ನನಗೆ ಹೆಚ್ಚು ಹೆದರಿಕೆಯಾದದ್ದು ಆ ಕೊನೆಯ ಸಾಲಿಗೆ. ಇದನ್ನು ಓದುತ್ತಿರುವಾಗಲೇ ಎದ್ದು ಹೋಗಿ ಆ ಶೀಟನ್ನು ತೆಗೆದಿಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಕೊಡುವ ಕೆಂಪು ಮಾತ್ರೆ ನೋಡಿದ್ದೀರಲ್ಲ, ಥೇಟ್ ಅಂಗಡಿಯ ಬಣ್ಣದ ಮಿಠಾಯಿ. ಒಂದೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ನಿಮಗೆ, ಹೊಟ್ಟೆಯಲ್ಲಿರುವ ಮಗುವಿಗೆ ಅದು ಶಕ್ತಿ. ನಿಮ್ಮ ಮಗ ಹತ್ತು ಹನ್ನೆರಡು ಬಾಯಿಗೆ ಹಾಕಿಕೊಂಡರೆ ಜೀವಕ್ಕೇ ಅಪಾಯ ಬರಬಹುದು. ಅದರ ಮೋಸ ಇನ್ನೂ ಕೆಟ್ಟದ್ದು. ಮೊದಲು ವಾಂತಿ, ಭೇದಿ. ಆಮೇಲೆ ಕೆಲವು ಗಂಟೆ ಮಗು ಸುಧಾರಿಸಿದ ಹಾಗೆ ಕಾಣುತ್ತದೆ. ಒಳಗೆ ಲಿವರ್ ಕೆಡುತ್ತಿರುತ್ತದೆ.

ನಿಮ್ಮನ್ನು ನೋಯಿಸಲು ಇದನ್ನು ಹೇಳಲಿಲ್ಲ. ಮಾವನ ಹತ್ತಿರ ಮಾತಾಡಲು ನಿಮಗೆ ದಾರಿ ಇಲ್ಲೇ ಇದೆ. ‘ಮಾವ, ನಾನೂ ಅದನ್ನೇ ಮಾಡುತ್ತಿದ್ದೆ. ನನ್ನ ಮಾತ್ರೆ ಮೇಜಿನ ಮೇಲೇ ಇತ್ತು. ಆವತ್ತು ಹೆದರಿ ಕೂಗಾಡಿಬಿಟ್ಟೆ, ತಪ್ಪಾಯ್ತು. ಇಬ್ಬರ ಮಾತ್ರೆಯನ್ನೂ ಒಂದೇ ಕಡೆ ಇಡೋಣ. ಎಲ್ಲಿಟ್ಟರೆ ನಿಮಗೆ ಸುಲಭ ಹೇಳಿ.’ ಇಷ್ಟು ಸಾಕು. ಕೂಗಾಡಿದ್ದಕ್ಕೆ ಮಾತ್ರ ಕ್ಷಮೆ ಕೇಳಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಕ್ಕೆ, ಈ ವಿಷಯ ಎತ್ತಿದ್ದಕ್ಕೆ ಕೇಳಬೇಡಿ.

ಆದರೆ ಇದಕ್ಕಿಂತ ಮೊದಲು ನಿಮ್ಮ ಗಂಡ ಮಾಡಬೇಕಾದ ಕೆಲಸ ಒಂದಿದೆ. ಅವರಪ್ಪ ಮಾತ್ರೆ ಬಿಡುತ್ತಿದ್ದಾರೆ. ಬಿಪಿ ಮಾತ್ರೆಯನ್ನು ಇದ್ದಕ್ಕಿದ್ದ ಹಾಗೆ ಬಿಟ್ಟರೆ ಬಿಪಿ ಮೇಲೇರುತ್ತದೆ, ಕೆಲವು ಮಾತ್ರೆಗಳಲ್ಲಂತೂ ಮೊದಲಿಗಿಂತ ಜಾಸ್ತಿ. ‘ಅಪ್ಪನಿಗೆ ನೋವಾಗುತ್ತೆ’ ಅಂತ ಸುಮ್ಮನಿದ್ದರೆ ನಾಳೆ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಬಹುದು. ಈ ವಾರವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಿಪಿ, ಸಕ್ಕರೆ ನೋಡಿಸಲಿ. ಆ ಹಿರಿಯರು ಮುನಿಸಿಕೊಂಡಿದ್ದಾರೆ ಅಂತ ನೀವೆಲ್ಲ ಅಂದುಕೊಂಡಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ತನ್ನಿಂದ ಮೊಮ್ಮಗನ ಜೀವ ಹೋಗುತ್ತಿತ್ತು ಅನ್ನುವ ಸಂಕಟದಲ್ಲಿ ಅವರು ತಮಗೆ ತಾವೇ ಶಿಕ್ಷೆ ಕೊಟ್ಟುಕೊಳ್ಳುತ್ತಿದ್ದಾರೆ. ಮಗು ಎತ್ತಿಕೊಳ್ಳಲು ಕೈ ಬರುತ್ತಿಲ್ಲ ಅವರಿಗೆ. ಸಂಜೆ ಶಾಲೆಯಿಂದ ಬಂದವರೇ ಮಗನನ್ನು ಅವರ ತೊಡೆಯ ಮೇಲೆ ಕೂರಿಸಿ, ‘ಇವನನ್ನ ಸ್ವಲ್ಪ ನೋಡ್ಕೊಳ್ಳಿ ಮಾವ, ಕಾಫಿ ಮಾಡ್ತೀನಿ’ ಅನ್ನಿ.

ಕೆಲಸ ಬಿಡುವ ಮಾತು. ಬಿಡಬೇಡಿ. ಆವತ್ತು ಭಾನುವಾರ. ನೀವು ಮನೆಯಲ್ಲೇ ಇದ್ದಿರಿ, ಹತ್ತು ಹೆಜ್ಜೆ ದೂರದಲ್ಲಿ, ಕಾವಲಿಯ ಮುಂದೆ. ಮಗು ಮಾತ್ರೆ ನುಂಗಲು ಒಂದು ದೋಸೆ ತಿರುವಿ ಹಾಕುವಷ್ಟು ಹೊತ್ತು ಸಾಕು. ಕಣ್ಣಿಟ್ಟು ಕಾಯುವುದರಿಂದ ಇದು ತಪ್ಪುವುದಿಲ್ಲ. ಬೇರೆ ಮನೆ ಮಾಡಿದರೂ ನಿಮ್ಮ ಕೆಂಪು ಮಾತ್ರೆ ನಿಮ್ಮ ಜೊತೆಗೇ ಬರುತ್ತದೆ. ಜಾಗ ಬದಲಾಗಬೇಕಾದದ್ದು ಮಾತ್ರೆಯದ್ದು, ಮನೆಯವರದ್ದಲ್ಲ.

ಯಾವ ಜಾಗ? ಎತ್ತರದಲ್ಲಿ ಇಟ್ಟರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. ಎರಡೂವರೆ ವರ್ಷದ ಹುಡುಗ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಹೋಗಿ ಹತ್ತುತ್ತಾನೆ, ನೀವೇ ನೋಡಿರುತ್ತೀರಿ. ಎತ್ತರವೂ ಬೇಕು, ಬೀಗವೂ ಬೇಕು. ಮಾವನ ಕೋಣೆಯಲ್ಲೇ ಗೋಡೆ ಬೀರು ಇದ್ದರೆ, ಅವರು ನಿಂತರೆ ಕಣ್ಣಿನ ಮಟ್ಟಕ್ಕೆ ಬರುವ ಗೂಡಿಗೆ ಒಂದು ಬಾಗಿಲು, ಚಿಲಕ, ಸಣ್ಣ ಬೀಗ ಹಾಕಿಸಿ. ಬಡಗಿಗೆ ಅರ್ಧ ದಿನದ ಕೆಲಸ. ನಂಬರ್ ಬೀಗ ಬೇಡ, ವಯಸ್ಸಾದವರಿಗೆ ಕಷ್ಟ. ಕೀಲಿ ಮಾವನ ಹತ್ತಿರವೇ ಇರಲಿ, ಉಡಿದಾರಕ್ಕೆ ಕಟ್ಟಿಕೊಳ್ಳಲಿ. ಇದು ಮುಖ್ಯ. ಮಾತ್ರೆಯನ್ನು ಅವರಿಂದ ಕಿತ್ತುಕೊಂಡು ನೀವು ಹೊತ್ತುಹೊತ್ತಿಗೆ ಕೊಡುವ ಹಾಗಾದರೆ ಅವರು ಇನ್ನಷ್ಟು ಕುಗ್ಗುತ್ತಾರೆ. ಬೆಳಿಗ್ಗೆ ಬೀಗ ತೆಗೆದು ತಮ್ಮದನ್ನು ನುಂಗಿ, ‘ಬಾರಮ್ಮ, ನಿನ್ನದೂ ತಗೋ’ ಅಂತ ನಿಮ್ಮನ್ನು ಕರೆಯುವ ಕೆಲಸ ಅವರದ್ದಾಗಲಿ. ನೀವು ಮರೆಯುವುದೂ ತಪ್ಪುತ್ತದೆ. ವಾರದ ಏಳು ಗುಳಿಗಳ ಡಬ್ಬಿ ಬಳಸುತ್ತಿದ್ದರೆ ಅದೂ ಒಳಗೇ ಇರಬೇಕು. ಅದರ ಮುಚ್ಚಳವನ್ನು ಯಾವ ಮಗುವಾದರೂ ತೆಗೆಯುತ್ತದೆ, ಮೇಲೆ ಮಾತ್ರೆಯ ಹೆಸರೂ ಇರುವುದಿಲ್ಲ.

ಪೆಪ್ಪರ್‌ಮೆಂಟಿನ ಮಾತನ್ನು ಇವತ್ತಿಗೇ ನಿಲ್ಲಿಸಿ. ಮಗನಿಗೆ ಜ್ವರ ಬಂದಾಗ ನೀವೂ ಸಿರಪ್ಪನ್ನು ಜ್ಯೂಸು ಅಂತ ಪುಸಲಾಯಿಸಿ ಕುಡಿಸಬೇಡಿ. ‘ಇದು ಔಷಧಿ’, ಅಷ್ಟೇ.

ಅತ್ತೆಯವರ ಮಾತೂ ಸುಳ್ಳಲ್ಲ. ನಾಲ್ಕು ಮಕ್ಕಳನ್ನು ಬೆಳೆಸಿದ್ದಾರೆ. ಆದರೆ ಆಗ ಅವರ ಮನೆಯಲ್ಲಿ ಎಷ್ಟು ಮಾತ್ರೆ ಇತ್ತು, ಕೇಳಿ ನೋಡಿ. ಅಮೃತಾಂಜನದ ಬಾಟಲಿ, ತಲೆನೋವಿಗೆ ಒಂದೆರಡು ಗುಳಿಗೆ ಇದ್ದಿರಬೇಕು. ಈಗ ಬಿಪಿ, ಸಕ್ಕರೆ, ಥೈರಾಯ್ಡ್, ಮಂಡಿನೋವು, ಎಲ್ಲಕ್ಕೂ ತಿಂಗಳಿಗಾಗುವಷ್ಟು ಮನೆಯಲ್ಲೇ ಇರುತ್ತದೆ. ಅತ್ತೆಗೂ ಒಂದು ಕೆಲಸ ಕೊಡಿ. ದೇವರ ಗೂಡಿನ ಕರ್ಪೂರದ ಡಬ್ಬಿಯ ಜವಾಬ್ದಾರಿ ಅವರದ್ದು. ಕರ್ಪೂರ ನುಂಗಿದ ಮಗುವಿಗೆ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ಬೆಳ್ಳಗೆ ಸಕ್ಕರೆ ಬಿಲ್ಲೆಯ ಹಾಗಿರುವ ಅದು ಎಷ್ಟೋ ಮನೆಗಳಲ್ಲಿ ಮಗುವಿನ ಕೈಗೆಟಕುವಂತೆಯೇ ಇರುತ್ತದೆ. ನೆಂಟರು ಬಂದಾಗ ಅವರ ಬ್ಯಾಗನ್ನು ತೆಗೆದು ಮೇಲಿಡುವುದೂ ಅವರಿಗೇ ಇರಲಿ. ಸೊಸೆ ಹೇಳಿದರೆ ಬೇಜಾರು ಮಾಡಿಕೊಳ್ಳುವ ನೆಂಟರು ಹಿರಿಯರು ಹೇಳಿದರೆ ಕೇಳುತ್ತಾರೆ.

ಮುಂದೆ ಎಂದಾದರೂ ಮಗು ಏನಾದರೂ ನುಂಗಿದ ಅನುಮಾನ ಬಂದರೆ ಉಪ್ಪುನೀರು ಬೇಡ, ಗಂಟಲಿಗೆ ಬೆರಳು ಹಾಕುವುದೂ ಬೇಡ. ಉಪ್ಪೇ ಚಿಕ್ಕ ಮಕ್ಕಳಿಗೆ ವಿಷವಾಗಬಹುದು, ವಾಂತಿ ಶ್ವಾಸಕೋಶಕ್ಕೆ ಹೋಗಬಹುದು. ಬಾಯಲ್ಲಿ ಉಳಿದದ್ದನ್ನು ತೆಗೆದು, ಖಾಲಿ ಶೀಟು ಅಥವಾ ಬಾಟಲಿ ಹಿಡಿದುಕೊಂಡು ನೇರ ಆಸ್ಪತ್ರೆಗೆ ಹೋಗಿ. ಗಾಡಿ ಇಲ್ಲದಿದ್ದರೆ 108. ಎಷ್ಟು ನುಂಗಿದೆ ಅಂತ ಗೊತ್ತಿಲ್ಲದಿದ್ದರೆ, ಕಾಣೆಯಾದದ್ದೆಲ್ಲ ಹೊಟ್ಟೆಗೆ ಹೋಗಿದೆ ಅಂತಲೇ ಡಾಕ್ಟರಿಗೆ ಹೇಳಿ. ದೆಹಲಿಯ ಏಮ್ಸ್‌ನಲ್ಲಿ ವಿಷ ಮಾಹಿತಿ ಕೇಂದ್ರವಿದೆ, 1800 116 117, ಹಗಲು ರಾತ್ರಿ ಇರುತ್ತದೆ. ಎಲ್ಲರ ಫೋನಿನಲ್ಲೂ ಈ ನಂಬರ್ ಇರಲಿ. ಆದರೆ ಮಗು ತೂಕಡಿಸುತ್ತಿದ್ದರೆ, ಉಸಿರಾಟ ಬದಲಾಗಿದ್ದರೆ ಫೋನ್ ಹಚ್ಚಿಕೊಂಡು ಕೂರಬೇಡಿ, ಹೊರಡಿ.

ಬಡಗಿಯನ್ನು ಕರೆಸುವುದು ನಾಲ್ಕು ದಿನ ತಡವಾಗಬಹುದು. ಅಲ್ಲಿಯವರೆಗೆ ಎಲ್ಲ ಮಾತ್ರೆಯನ್ನೂ ಬಟ್ಟೆಯ ಬೀರುವಿನೊಳಗೆ ಇಟ್ಟು ಬೀಗ ಹಾಕಿ. ಬೀಗ ತರುವಾಗ ಎರಡು ಕೀಲಿ ಇರುವುದನ್ನೇ ತನ್ನಿ. ಎರಡನೆಯದು ಅತ್ತೆಯ ಹತ್ತಿರ ಇರಲಿ.