ಅಂಕಿ ಇಳಿದರೆ ಆ್ಯಂಟಿಬಯಾಟಿಕ್ ನಿಲ್ಲಿಸಬಹುದೇ?

ಪ್ರಶ್ನೆ: ನ್ಯುಮೋನಿಯಾ ಉಲ್ಬಣಿಸಿ ರಕ್ತಕ್ಕೆ ನಂಜೇರಿದ್ದರಿಂದ ನನ್ನ ತಂದೆಯವರು ತೀವ್ರ ನಿಗಾ ಘಟಕದಲ್ಲಿದ್ದಾರೆ. ‘ಪಿಸಿಟಿ’ ಎಂಬ ರಕ್ತಪರೀಕ್ಷೆಯಲ್ಲಿ ಮೊದಲು 18 ಇದ್ದ ಅಂಕಿ ಏಳನೇ ದಿನ 1.2ಕ್ಕೆ ಇಳಿದಾಗ, ವೈದ್ಯರು ಆ್ಯಂಟಿಬಯಾಟಿಕ್ ನಿಲ್ಲಿಸುತ್ತೇವೆ ಎಂದರು. ಕೋರ್ಸ್ ಪೂರ್ತಿ ಮುಗಿಸಲೇಬೇಕೆಂದು ಕೇಳುತ್ತಾ ಬಂದ ನಮಗೆ ಭಯವಾಗಿದೆ. ಇದು ಸರಿಯೇ?
— ಓದುಗರು, ಹಾಸನ

ಉತ್ತರ: ತಂದೆಯವರ ಉಸಿರಾಟ ಮತ್ತು ರಕ್ತದೊತ್ತಡವೂ ಸುಧಾರಿಸಿದ್ದರೆ, ವೈದ್ಯರ ನಿರ್ಧಾರಕ್ಕೆ ಗಟ್ಟಿಯಾದ ಆಧಾರವಿದೆ.

ಪಿಸಿಟಿ ಎಂದರೆ ಪ್ರೊಕ್ಯಾಲ್ಸಿಟೊನಿನ್. ಆರೋಗ್ಯವಂತರಲ್ಲಿ ಥೈರಾಯ್ಡ್ ಗ್ರಂಥಿಯಲ್ಲಿ ತಯಾರಾಗುವ ಈ ಪ್ರೋಟೀನು ರಕ್ತದಲ್ಲಿ ಇದ್ದೂ ಇಲ್ಲದಷ್ಟು ಅಲ್ಪವಾಗಿರುತ್ತದೆ. ಬ್ಯಾಕ್ಟೀರಿಯಾ ಸೋಂಕು ತೀವ್ರವಾದಾಗ ಯಕೃತ್ತು ಸೇರಿದಂತೆ ಅನೇಕ ಅಂಗಗಳು ಇದನ್ನು ಸ್ರವಿಸುವುದರಿಂದ ಕೆಲವೇ ಗಂಟೆಗಳಲ್ಲಿ ಏರುತ್ತದೆ, ಸೋಂಕು ಹತೋಟಿಗೆ ಬಂದರೆ ಸುಮಾರು 24 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಗರಿಷ್ಠ ಮಟ್ಟದಿಂದ ಶೇ 80ರಷ್ಟು ಇಳಿದರೆ, ಇಲ್ಲವೇ ಒಂದು ಮಿಲಿಲೀಟರಿನಲ್ಲಿ 0.5 ನ್ಯಾನೋಗ್ರಾಂಗೆ ಬಂದರೆ, ಔಷಧ ನಿಲ್ಲಿಸುವುದನ್ನು ಯೋಚಿಸಬಹುದೆಂಬ ಅಳತೆಗೋಲನ್ನು ನೆದರ್ಲೆಂಡ್ಸ್‌ನ ವೈದ್ಯರು ತೀವ್ರ ನಿಗಾ ಘಟಕದ 1,500ಕ್ಕೂ ಹೆಚ್ಚು ರೋಗಿಗಳಲ್ಲಿ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ಔಷಧದ ಅವಧಿ 7 ದಿನದಿಂದ 5ಕ್ಕೆ ಇಳಿಯಿತು. 28 ದಿನಗಳೊಳಗಿನ ಸಾವು ಹೆಚ್ಚಲಿಲ್ಲ, ಕಡಿಮೆಯೇ ಆಯಿತು. ನಿಮ್ಮ ತಂದೆಯವರ ಅಂಕಿಯಂತೂ ಶೇ 93ರಷ್ಟು ಇಳಿದಿದೆ.

ಬ್ರಿಟನ್‌ನ 41 ಘಟಕಗಳಲ್ಲಿ 2,760 ರೋಗಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉಳಿತಾಯ ಅಷ್ಟು ದೊಡ್ಡದಾಗಿರಲಿಲ್ಲ: 10.7 ದಿನದ ಔಷಧ 9.8 ದಿನಕ್ಕೆ ಇಳಿಯಿತು, ಸಾವು ನಿಗದಿಪಡಿಸಿದ ಸುರಕ್ಷತೆಯ ಮಿತಿಯೊಳಗೇ ಇತ್ತು. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ, ರಕ್ತದಲ್ಲಿ ಉರಿಯೂತವನ್ನು ಅಳೆಯುವ ಅಗ್ಗದ ಸಿಆರ್‌ಪಿ ಪರೀಕ್ಷೆಯಿಂದ ಅಲ್ಲಿ ಅವಧಿ ಕಡಿಮೆಯಾಗಲಿಲ್ಲ. ಒಂದು ದಿನದ ಉಳಿತಾಯವನ್ನೂ ನಾನು ಹಗುರವಾಗಿ ಕಾಣಲಾರೆ. ಅಗತ್ಯ ಮೀರಿ ಕೊಟ್ಟ ಔಷಧದಿಂದ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು, ತೀವ್ರ ಭೇದಿ ಹಿಡಿಯಬಹುದು, ಯಾವ ಮದ್ದಿಗೂ ಬಗ್ಗದ ರೋಗಾಣುಗಳು ಅದೇ ಹಾಸಿಗೆಯಲ್ಲಿ ಬೆಳೆಯಬಹುದು. ಕೋರ್ಸ್ ಮುಗಿಸಿ ಎಂಬ ಮಾತು ರೋಗಿ ತಾನಾಗಿಯೇ ಮಾತ್ರೆ ಬಿಡಬಾರದು ಎಂಬುದಕ್ಕೆ. ದಿನವೂ ಪರೀಕ್ಷಿಸುವ ವೈದ್ಯರ ಕೈ ಕಟ್ಟುವುದಕ್ಕಲ್ಲ.

ಆದರೆ ಈ ಪರೀಕ್ಷೆ ನಿಲ್ಲಿಸಲು ನೆರವಾಗುತ್ತದೆಯೇ ಹೊರತು ಔಷಧ ಆರಂಭಿಸಲು ಇದನ್ನು ಕಾಯಬಾರದು; ನಂಜಿನ ಶಂಕೆ ಬಲವಾಗಿದ್ದಾಗ ತಡಮಾಡಿದರೆ ಜೀವಕ್ಕೇ ಅಪಾಯ. ಅಂಕಿ ಏರಿತೆಂದು ಔಷಧಗಳನ್ನು ಹೆಚ್ಚಿಸುತ್ತಾ ಹೋದ ಡೆನ್ಮಾರ್ಕ್‌ನ 2011ರ ಅಧ್ಯಯನದಲ್ಲಿ ಬದುಕುಳಿದವರೇನೂ ಹೆಚ್ಚಲಿಲ್ಲ, ಘಟಕದ ವಾಸ ಮಾತ್ರ ಉದ್ದವಾಯಿತು. ದೊಡ್ಡ ಶಸ್ತ್ರಚಿಕಿತ್ಸೆ, ಸುಟ್ಟಗಾಯ, ಮೂತ್ರಪಿಂಡ ವೈಫಲ್ಯಗಳಲ್ಲಿ ಸೋಂಕಿಲ್ಲದೆಯೂ ಅಂಕಿ ಏರಬಹುದು. ಹೃದಯದ ಕವಾಟ ಅಥವಾ ಮೂಳೆಯ ಸೋಂಕು, ಹೊರತೆಗೆಯದ ಕೀವು ಇದ್ದರೆ ಅಂಕಿ ಎಷ್ಟೇ ಇಳಿದರೂ ದೀರ್ಘ ಚಿಕಿತ್ಸೆ ಬೇಕು.

ಆದ್ದರಿಂದ ವೈದ್ಯರನ್ನು ಎರಡು ವಿಷಯ ಕೇಳಿ: ರೋಗಾಣುಗಳನ್ನು ಬೆಳೆಸಿ ಗುರುತಿಸುವ ಪರೀಕ್ಷೆಯಾದ, ರಕ್ತ ಮತ್ತು ಕಫದ ಕಲ್ಚರ್‌ನಲ್ಲಿ ಏನು ಬಂದಿದೆ, ಎದೆಯಲ್ಲಿ ಕೀವು ಉಳಿದಿದೆಯೇ. ಔಷಧ ನಿಂತ ಮೇಲೆ ಜ್ವರ ಮರಳಿದರೆ ಅಥವಾ ಆಮ್ಲಜನಕದ ಅಗತ್ಯ ಹೆಚ್ಚಿದರೆ, ಅವರು ಮತ್ತೆ ಕಲ್ಚರ್ ಕಳುಹಿಸಿ ಚಿಕಿತ್ಸೆ ಆರಂಭಿಸಬಲ್ಲರು.